ಹೈಬ್ರಿಡ್ ಗಿಡಕ್ಕೂ ಥಂಡಿ ಆಗುತ್ತದೆ



ನಮ್ಮ ಶಾಲೆಯಲ್ಲಿ ಎರಡು ಕಲಾಂಚೋ ಹೂಕುಂಡ ಇದ್ದವು. ತರಗತಿಯವರೆಲ್ಲ ರೊಕ್ಕ ಕೂಡಿಸಿ ತಂದಿದ್ದೆವು. ಈಗ ಒಂದೇ ಇದೆ. ಇನ್ನೊಂದು ಎಲ್ಲಿ ಹೋಯಿತು ಅಂತ ಬಹಳ ಮಂದಿ ಕೇಳಿದರು. ಅದು ಸತ್ತದ್ದು ನನ್ನ ಕೈಯಿಂದಲೇ. ಹೇಗೆ ಅಂತ ಹೇಳುತ್ತೇನೆ.

ಕಲಾಂಚೋ ನಮ್ಮ ಕಾಡುಬಸಳೆಯ ಬಳಗದ ಗಿಡ. ಕಾಡುಬಸಳೆ ಎಲೆಯ ಅಂಚಿನಲ್ಲಿ ಮರಿ ಸಸಿ ಏಳುವುದನ್ನು ವಿಜ್ಞಾನ ಪಾಠದಲ್ಲಿ ಓದಿದ್ದೇವೆ. ಹೂವಿನ ಕಲಾಂಚೋದ ಮೂಲ ಮಡಗಾಸ್ಕರ್ ದ್ವೀಪ. ಅದು ಆಫ್ರಿಕಾದ ಪಕ್ಕ, ಹಿಂದೂ ಮಹಾಸಾಗರದಲ್ಲಿದೆ. ಜರ್ಮನಿಯ ರಾಬರ್ಟ್ ಬ್ಲಾಸ್‌ಫೆಲ್ಡ್ ಎಂಬುವರು 1932ರಲ್ಲಿ ಇದನ್ನು ಹೂಗಿಡವಾಗಿ ಮಾರಾಟಕ್ಕೆ ತಂದರು. ಆಮೇಲೆ ಬೇರೆ ಜಾತಿಗಳ ಜೊತೆ ಸಂಕರ ಮಾಡಿ ಹಳದಿ, ಗುಲಾಬಿ, ಕೇಸರಿ ಬಣ್ಣದ ಹೂವು ಪಡೆದರು. ಈಗ ನರ್ಸರಿಯಲ್ಲಿ ಸಿಗುವವು ಹೆಚ್ಚಾಗಿ ಈ ಹೈಬ್ರಿಡ್‌ಗಳೇ.

ಹೈಬ್ರಿಡ್ ಜೋಳ ನೋಡಿದ ನಾನು, ಹೈಬ್ರಿಡ್ ಅಂದರೆ ಗಟ್ಟಿ, ಏನೂ ಆಗೋದಿಲ್ಲ ಅಂದುಕೊಂಡಿದ್ದೆ. ಇದು ತಪ್ಪು. ಸಂಕರ ಗಿಡಕ್ಕೆ ಅದರ ತಂದೆ ತಾಯಿಯ ಗುಣ ಬರುತ್ತದೆ. ಎರಡೂ ಬಿಸಿ ನಾಡಿನವಾದರೆ ಥಂಡಿ ತಡೆಯುವ ಗುಣ ಎಲ್ಲಿಂದ ಬರಬೇಕು?

ಥಂಡಿಯಲ್ಲಿ ಏನಾಗುತ್ತದೆ?

ಕಲಾಂಚೋ ಎಲೆ ದಪ್ಪ. ಒಳಗೆ ನೀರು ತುಂಬಿರುತ್ತದೆ. 0 ಡಿಗ್ರಿಗಿಂತ ಕೆಳಗೆ ಹೋದರೆ ಆ ನೀರು ಹೆಪ್ಪುಗಟ್ಟಿ ಜೀವಕೋಶಗಳು ಒಡೆಯುತ್ತವೆ. ಎಲೆ ಕಪ್ಪಾಗಿ ಮೆತ್ತಗಾಗುತ್ತದೆ. ನಮ್ಮ ಬೀದರ್ ಕಡೆ ಅಷ್ಟು ಥಂಡಿ ಬೀಳುವುದಿಲ್ಲ. ಆದರೆ ಡಿಸೆಂಬರ್, ಜನವರಿಯಲ್ಲಿ ಕೆಲವು ರಾತ್ರಿ 10 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ಆಗ ಗಿಡದ ಬೆಳವಣಿಗೆ ನಿಧಾನವಾಗುತ್ತದೆ, ಬೇರು ನೀರು ಕುಡಿಯುವುದು ಕಡಿಮೆಯಾಗುತ್ತದೆ. ಮಣ್ಣು ಹಸಿಯಾಗಿಯೇ ಉಳಿದು ಬೇರು ಕೊಳೆಯುತ್ತದೆ.

ನಾನು ಮಾಡಿದ್ದು ಇದೇ. ಬಯಲಲ್ಲಿದ್ದ ಕುಂಡಕ್ಕೆ ಪ್ರೀತಿಯಿಂದ ದಿನಾ ಒಂದು ಚೆಂಬು ನೀರು ಹಾಕಿದೆ. ಎಲೆ ಬಾಡಿತು. ನೀರು ಸಾಲದು ಅಂತ ಇನ್ನೊಂದು ಚೆಂಬು ಹಾಕಿದೆ! ಇನ್ನೊಂದು ಕುಂಡ ಬಿಸಿಲು ಬೀಳುವ ಗೋಡೆಯ ಪಕ್ಕ, ಸೂರಿನ ಕೆಳಗಿತ್ತು. ಅದಕ್ಕೆ ನೀರು ಹಾಕಲು ಮರೆತಿದ್ದೆವು. ಅದೇ ಬದುಕಿತು. ಮುತ್ಯಾ ನೋಡಿ, "ಥಂಡಿಗೆ ಸತ್ತಿಲ್ಲೋ ತಮ್ಮಾ, ನಿನ್ನ ನೀರಿಗೆ ಸತ್ತದ" ಅಂದರು. ನನಗೆ ಅಳು ಬಂತು.

ಇದಕ್ಕೆ ಕಡಿಮೆ ನೀರು ಸಾಕಾಗಲು ಇನ್ನೊಂದು ಕಾರಣ ಇದೆ. ಹೆಚ್ಚಿನ ಗಿಡಗಳು ಹಗಲಲ್ಲಿ ಪತ್ರರಂಧ್ರ ತೆರೆಯುತ್ತವೆ. ಕಲಾಂಚೋ ರಾತ್ರಿ ತೆರೆಯುತ್ತದೆ. ಹಾಗಾಗಿ ಬಿಸಿಲಿಗೆ ನೀರು ಆವಿಯಾಗಿ ಹೋಗುವುದು ಬಹಳ ಕಡಿಮೆ.

ನೆನಪಿಡಿ:
1. ಚಳಿಗಾಲದಲ್ಲಿ ಮಣ್ಣಿಗೆ ಬೆರಳು ಇಟ್ಟು ನೋಡಿ. ಪೂರ್ತಿ ಒಣಗಿದ್ದರೆ ಮಾತ್ರ ನೀರು ಹಾಕಿ, ಅದೂ ಬೆಳಿಗ್ಗೆ.
2. ಮಣ್ಣಿಗೆ ಮರಳು ಬೆರೆಸಿ. ಕುಂಡದ ತಳಕ್ಕೆ ತೂತು ಇರಲಿ.
3. ರಾತ್ರಿ ಸೂರಿನ ಕೆಳಗೆ, ಗೋಡೆಯ ಪಕ್ಕ ಇಡಿ. ಹಗಲು ಕಾದ ಗೋಡೆ ರಾತ್ರಿ ಸ್ವಲ್ಪ ಬೆಚ್ಚಗೆ ಇರುತ್ತದೆ.
4. ದನ, ಆಡಿಗೆ ಸಿಗದಂತೆ ಇಡಿ. ತಿಂದರೆ ಹೃದಯಕ್ಕೆ ವಿಷ. ನೀವೂ ಬಾಯಿಗೆ ಹಾಕಬೇಡಿ.

ಸತ್ತ ಗಿಡದ ತುದಿಯಲ್ಲಿ ಒಂದು ಕಡ್ಡಿ ಹಸಿರಾಗಿತ್ತು. ಕತ್ತರಿಸಿ, ನಾಲ್ಕು ದಿನ ನೆರಳಲ್ಲಿ ಒಣಗಿಸಿ, ಮರಳು ಮಣ್ಣಿನಲ್ಲಿ ನೆಟ್ಟೆ. ಕಿಟಕಿಯ ಹತ್ತಿರ ಬಣ್ಣದ ಡಬ್ಬಿಯಲ್ಲಿ ಇರುವುದು ಅದೇ. ಎರಡು ಹೊಸ ಎಲೆ ಬಂದಿವೆ. ದಯವಿಟ್ಟು ಯಾರೂ ಅದಕ್ಕೆ ದಿನಾ ನೀರು ಹಾಕಬೇಡಿ.



– ಏಳನೇ ತರಗತಿ ವಿದ್ಯಾರ್ಥಿ