ದುಗ್ಧಗ್ರಂಥಿ ತೆಗೆಸಿಕೊಂಡವರು ಸೌನಾ, ಸ್ಟೀಮ್ ರೂಮಿಗೆ ಹೋಗಬಹುದೇ?

ಅಹಮದಾಬಾದ್, ವಡೋದರಾ, ಸೂರತ್‌ನ ಜಿಮ್‌ಗಳಲ್ಲಿ, ಅಪಾರ್ಟ್‌ಮೆಂಟ್ ಕ್ಲಬ್‌ಹೌಸ್‌ಗಳಲ್ಲಿ ಈಗ ಸೌನಾ, ಸ್ಟೀಮ್ ರೂಮ್ ಸಾಮಾನ್ಯ. ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳು ಅಥವಾ ತೊಡೆಸಂದಿನ ದುಗ್ಧಗ್ರಂಥಿಗಳನ್ನು ತೆಗೆಸಿಕೊಂಡವರು ಅಲ್ಲಿ ಕೂರಬಹುದೇ? ಗಾಯ ಪೂರ್ತಿ ಮಾಗಿದ್ದು, ಊತವಿಲ್ಲದೆ, ನಿಮ್ಮ ವೈದ್ಯರು ಒಪ್ಪಿದರೆ ಸ್ವಲ್ಪ ಹೊತ್ತು ಕೂರಬಹುದು. ಈಗಾಗಲೇ ಕೈ ಅಥವಾ ಕಾಲು ಊದಿಕೊಂಡಿದ್ದರೆ ಬೇಡ. ಕಿಮೊ, ರೇಡಿಯೇಷನ್ ನಡೆಯುತ್ತಿರುವಾಗಲೂ ಬೇಡ.

ರಕ್ತನಾಳಗಳಿಂದ ಸೋರಿದ ದ್ರವವನ್ನು ದುಗ್ಧನಾಳಗಳು ಹಿಂದಕ್ಕೆ ಸಾಗಿಸುತ್ತವೆ. ಗ್ರಂಥಿ ತೆಗೆದ ಕಡೆ ಈ ದಾರಿ ಕಿರಿದಾಗಿರುತ್ತದೆ. ಮೈ ಬಿಸಿಯಾದಾಗ ಚರ್ಮಕ್ಕೆ ಹರಿಯುವ ರಕ್ತ ಹೆಚ್ಚಿ, ಸೋರುವ ದ್ರವವೂ ಹೆಚ್ಚುತ್ತದೆ. ಹೊರಹೋಗಲಾರದೆ ನಿಂತ ದ್ರವವೇ ಲಿಂಫೆಡೀಮಾ ಎಂಬ ಊತ. ಸ್ತನ ಕ್ಯಾನ್ಸರಿಗಾಗಿ ಕಂಕುಳಿನ ಗ್ರಂಥಿಗಳನ್ನೆಲ್ಲ ತೆಗೆಸಿಕೊಂಡವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಇದು ಬರುತ್ತದೆ. ಸೆಂಟಿನೆಲ್ ಗ್ರಂಥಿ ಮಾತ್ರ ತೆಗೆಸಿಕೊಂಡವರಲ್ಲಿ ನೂರಕ್ಕೆ 5–6 ಜನರಿಗೆ. ನಿಮ್ಮದು ಯಾವುದೆಂದು ಡಿಸ್ಚಾರ್ಜ್ ಕಾಗದದಲ್ಲಿ ನೋಡಿಕೊಳ್ಳಿ.

ಸ್ತನ ಕ್ಯಾನ್ಸರಿನಿಂದ ಗುಣವಾದ 295 ಮಹಿಳೆಯರ ಬಗ್ಗೆ 2013ರಲ್ಲಿ ಅಮೆರಿಕದ ಅಧ್ಯಯನವೊಂದು ಪ್ರಕಟವಾಯಿತು. ಅದರಲ್ಲಿ ಪರಿಶೀಲಿಸಿದ 30ರಷ್ಟು ಸಂಗತಿಗಳ ಪೈಕಿ ಕೈ ಊತದೊಂದಿಗೆ ನಂಟು ಕಂಡದ್ದು ಸೌನಾ ಒಂದಕ್ಕೇ. ಒಂದೇ ಅಧ್ಯಯನದಿಂದ ಇದು ಸಿದ್ಧವಾಯಿತು ಎನ್ನಲಾಗದು, ಆದರೂ ಎಚ್ಚರಕ್ಕೆ ಸಾಕು.

ಸೌನಾದ ಗಾಳಿ 80–90 ಡಿಗ್ರಿ ಇದ್ದರೂ ಒಣದು, ಬೆವರು ಆರಿ ಮೈ ಸ್ವಲ್ಪವಾದರೂ ತಣಿಯುತ್ತದೆ. ಸ್ಟೀಮ್ ರೂಮಿನಲ್ಲಿ 40–50 ಡಿಗ್ರಿಯಷ್ಟೇ, ಆದರೆ ಬೆವರು ಆರುವುದೇ ಇಲ್ಲ. ಅಹಮದಾಬಾದಿನ ಬೇಸಿಗೆಗೂ ಸಮುದ್ರದ ಹತ್ತಿರದ ಸೂರತ್‌ನ ಸೆಕೆಗೂ ಇರುವ ವ್ಯತ್ಯಾಸ ಇದೇ. ಡಿಗ್ರಿ ಕಡಿಮೆ ಎಂದು ಸ್ಟೀಮ್ ರೂಮನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2016ರ ಮೇ 20ರಂದು ಅಹಮದಾಬಾದಿನಲ್ಲಿ 48 ಡಿಗ್ರಿ ಮುಟ್ಟಿತ್ತು. ಅಂಥ ದಿನ ಹೊರಗಿನ ಶಾಖವೇ ಸಾಕಷ್ಟಾಗುತ್ತದೆ. ನಗರದಲ್ಲಿ 2013ರಿಂದ ಬಿಸಿಲಿನ ಎಚ್ಚರಿಕೆ ಕೊಡುವ ವ್ಯವಸ್ಥೆ ಇದೆ. ಆರೆಂಜ್, ರೆಡ್ ಅಲರ್ಟ್ ಇರುವ ದಿನ ಸೌನಾ ಬಿಟ್ಟುಬಿಡಿ.

ಹೋಗುವುದಾದರೆ ಮೊದಲ ಸಲ ಐದೇ ನಿಮಿಷ. ರೂಢಿಯಾದ ಮೇಲೂ 15 ನಿಮಿಷ ಮೀರಬಾರದು. ಕೈ ಭಾರ, ಬಿಗಿ ಅನಿಸಿದರೆ ಆ ಕ್ಷಣವೇ ಎದ್ದು ಬನ್ನಿ. ಕಂಪ್ರೆಷನ್ ಸ್ಲೀವ್ ಒಳಗೆ ಬೇಡ, ಮೈ ತಣ್ಣಗಾಗಿ ಒಣಗಿದ ಮೇಲೆ ಹಾಕಿಕೊಳ್ಳಿ. ಹೋಗುವ ಮುಂಚೆ ಮತ್ತು ಮರುದಿನ ಎರಡೂ ಕೈಗಳನ್ನು ಒಂದೇ ಜಾಗದಲ್ಲಿ ಟೇಪಿನಿಂದ ಅಳೆದು ಬರೆದಿಡಿ. ಟೇಪಿಗಿಂತ ಮೊದಲು ಬಳೆಯೋ ರವಿಕೆಯ ತೋಳೋ ಬಿಗಿಯಾಗಿ ಸುಳಿವು ಕೊಡುವುದೂ ಉಂಟು.

ಕಂಕುಳಿನ ಶಸ್ತ್ರಚಿಕಿತ್ಸೆಯ ನಂತರ ಮೇಲ್ದೋಳಿನ ಒಳಭಾಗ ಜೋಮು ಹಿಡಿದಂತೆ ಇರುವುದು ಸಾಮಾನ್ಯ. ಅಲ್ಲಿ ಸುಟ್ಟರೂ ಗೊತ್ತಾಗುವುದಿಲ್ಲ. ನನ್ನ ಮಟ್ಟಿಗೆ ಸೌನಾಕ್ಕಿಂತ ಮನೆಯ ಹಾಟ್ ವಾಟರ್ ಬ್ಯಾಗೇ ಹೆಚ್ಚು ಚಿಂತೆಯ ವಸ್ತು. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬಾಯಿ ಕ್ಯಾನ್ಸರಿಗಾಗಿ ಕುತ್ತಿಗೆಯ ಗ್ರಂಥಿ ತೆಗೆಸಿಕೊಂಡವರು ನೆಗಡಿಗೆ ಹಬೆ ತೆಗೆದುಕೊಳ್ಳುವ ಮುನ್ನ ವೈದ್ಯರನ್ನು ಕೇಳಲಿ. ಅವರ ಮುಖ, ಗಲ್ಲದ ಕೆಳಭಾಗವೂ ಊದಿಕೊಳ್ಳಬಹುದು. ಪಂಚಕರ್ಮದ ಸ್ವೇದನದಲ್ಲೂ ಇದೇ ಶಾಖ. ಅಲ್ಲಿನ ಚಿಕಿತ್ಸಕರಿಗೆ ಆಪರೇಷನ್ ವಿಷಯ ಮೊದಲೇ ಹೇಳಿ, ಆ ಕೈಯನ್ನು ಒತ್ತಿ ತಿಕ್ಕಲು ಬಿಡಬೇಡಿ.

ಊತ ಒಂದೆರಡು ದಿನದಲ್ಲಿ ಇಳಿಯದಿದ್ದರೆ ಆಪರೇಷನ್ ಮಾಡಿದ ಆಸ್ಪತ್ರೆಗೇ ಹೋಗಿ, ಫಿಸಿಯೋಥೆರಪಿಯ ಬಗ್ಗೆಯೂ ಕೇಳಿ. ಗುಜರಾತಿ ಬಾರದ ಮನೆಯವರು ಓಪಿಡಿಯಲ್ಲಿ 'ಹಾಥ್‌ಮಾ ಸೋಜೋ ಛೇ' ಎಂದರೆ ಕೈ ಊದಿದೆ ಎಂದು ಅವರಿಗೆ ತಿಳಿಯುತ್ತದೆ. ಚರ್ಮ ಕೆಂಪಾಗಿ, ಮುಟ್ಟಿದರೆ ಬಿಸಿಯಾಗಿ, ಜ್ವರ ಅಥವಾ ಚಳಿ ಬಂದರೆ ಅದು ಸೋಂಕಿನ ಲಕ್ಷಣ. ರಾತ್ರಿಯಾದರೂ ಬೆಳಗಿನವರೆಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.