ಗಣಕದ ಕಡತಪಟ್ಟಿಯಲ್ಲಿ ‘ಕನ್ನಡ’ ಹಿಡಿಸಿದ್ದು ಹೇಗೆ?

ಗಣಕಯಂತ್ರದ ‘ಡೈರೆಕ್ಟರಿ’ ಎಂದೊಡನೆ ಕಡತಗಳನ್ನು ತುಂಬಿಟ್ಟ ಪೆಟ್ಟಿಗೆಯೊಂದು ಕಣ್ಣಮುಂದೆ ಬರುವುದು ಸಹಜ. ಆದರೆ ಯುನಿಕ್ಸ್ ಪರಂಪರೆಯ ವ್ಯವಸ್ಥೆಗಳಲ್ಲಿ ಅದು ಪೆಟ್ಟಿಗೆಯಲ್ಲ, ದಾಖಲೆ ಪುಸ್ತಕ. ಅದರಲ್ಲಿ ಮುಖ್ಯವಾದವು ಎರಡೇ ಕಲಮುಗಳು: ಕಡತದ ಹೆಸರು ಮತ್ತು ‘ಐನೋಡ್’ ಎಂಬ ಒಂದು ಸಂಖ್ಯೆ. ಕಡತದ ಗಾತ್ರವೆಷ್ಟು, ಒಡೆಯ ಯಾರು, ಡಿಸ್ಕಿನಲ್ಲಿ ಅದು ಎಲ್ಲಿದೆ ಎಂಬ ವಿವರಗಳೆಲ್ಲ ಆ ಸಂಖ್ಯೆಯ ಜಾಡು ಹಿಡಿದು ಹೋದರೆ ಸಿಗುತ್ತವೆ. ಆದ್ದರಿಂದಲೇ ಒಂದೇ ಕಡತಕ್ಕೆ ಎರಡು ಹೆಸರುಗಳಿರುವುದೂ ಸಾಧ್ಯ.

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ 1969ರಲ್ಲಿ ಯುನಿಕ್ಸ್‌ಗೆ ಅಡಿಪಾಯ ಹಾಕಿದರು. 1979ರ ಏಳನೆಯ ಆವೃತ್ತಿಯ ಹೊತ್ತಿಗೆ ಈ ಪುಸ್ತಕದ ಪ್ರತಿ ಸಾಲೂ ಸರಿಯಾಗಿ 16 ಬೈಟ್: ಸಂಖ್ಯೆಗೆ 2, ಹೆಸರಿಗೆ 14. ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಮು ಡೈರೆಕ್ಟರಿಯನ್ನು ಸಾಮಾನ್ಯ ಕಡತದಂತೆಯೇ ತೆರೆದು 16 ಬೈಟ್‌ಗಳಂತೆ ಓದುತ್ತಾ ಹೋದರೆ ಕೆಲಸ ಮುಗಿಯಿತು. ಸಂಖ್ಯೆಯ ಜಾಗದಲ್ಲಿ ಸೊನ್ನೆಯಿದ್ದರೆ ಆ ಸಾಲು ಖಾಲಿ ಎಂದರ್ಥ.

ಈ ಸರಳತೆಯೇ ಮುಂದೆ ತೊಡಕಾಯಿತು. 1983ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯ ಹೊರತಂದ 4.2 ಬಿಎಸ್‌ಡಿ ಆವೃತ್ತಿ ಹೆಸರಿನ ಮಿತಿಯನ್ನು 255 ಬೈಟ್‌ಗೆ ಏರಿಸಿತು. ಹೆಸರು ಉದ್ದವಾದಷ್ಟು ಸಾಲೂ ಉದ್ದ. 16ರ ಲೆಕ್ಕ ನಂಬಿದ ಪ್ರೋಗ್ರಾಮುಗಳು ಎಡವುವುದು ಖಂಡಿತ. ಅವುಗಳನ್ನು ಒಮ್ಮೆ ತಿದ್ದಿದರೂ ನಾಳೆ ಪುಸ್ತಕದ ವಿನ್ಯಾಸ ಮತ್ತೆ ಬದಲಾದರೆ ಗತಿಯೇನು?

ಪರಿಹಾರವಾಗಿ ಬಂದದ್ದು ಓಪನ್‌ಡಿರ್, ರೀಡ್‌ಡಿರ್, ಕ್ಲೋಸ್‌ಡಿರ್ ಎಂಬ ಮೂರು ಫಂಕ್ಷನ್‌ಗಳು. ಮೊದಲನೆಯದು ಪುಸ್ತಕ ತೆರೆಯುತ್ತದೆ. ಎರಡನೆಯದು ಕರೆದಾಗಲೆಲ್ಲ ಒಂದೊಂದು ಸಾಲು ಓದಿಕೊಟ್ಟು, ಮುಗಿದಾಗ ‘ನಲ್’ ಎನ್ನುತ್ತದೆ. ಮೂರನೆಯದು ಮುಚ್ಚಿಡುತ್ತದೆ. ಪುಸ್ತಕ ಕೇಳುವವರು ಗ್ರಂಥಾಲಯದ ಕಪಾಟಿಗೆ ತಾವೇ ಕೈಹಾಕದೆ ಸಿಬ್ಬಂದಿಯನ್ನು ಕೇಳಿದ ಹಾಗೆ. ಒಳಗಿನ ಜೋಡಣೆ ಹೇಗೇ ಬದಲಾಗಲಿ, ಕೇಳುವ ರೀತಿ ಬದಲಾಗಬೇಕಿಲ್ಲ. 1988ರ ಪೋಸಿಕ್ಸ್ ಮಾನದಂಡ ಇವುಗಳಿಗೆ ಅಧಿಕೃತ ಮುದ್ರೆ ಒತ್ತಿತು.

ಬಳಸುವವರು ಕೆಲವು ಎಚ್ಚರಿಕೆಗಳನ್ನು ಪಾಲಿಸಲೇಬೇಕು. ಹೆಸರುಗಳು ಅಕಾರಾದಿ ಕ್ರಮದಲ್ಲಿ ಬರುತ್ತವೆಂಬ ಭರವಸೆಯಿಲ್ಲ. ಬೇಕಿದ್ದರೆ ಪ್ರೋಗ್ರಾಮೇ ಜೋಡಿಸಿಕೊಳ್ಳಬೇಕು. ಪಟ್ಟಿಯಲ್ಲಿ ಒಂದು ಚುಕ್ಕಿ, ಎರಡು ಚುಕ್ಕಿ ಎಂಬ ಹೆಸರುಗಳೂ ಸಾಮಾನ್ಯವಾಗಿ ಇರುತ್ತವೆ. ಮೊದಲನೆಯದು ಅದೇ ಡೈರೆಕ್ಟರಿ, ಎರಡನೆಯದು ಅದರ ಮೇಲಿನದು. ಒಳಡೈರೆಕ್ಟರಿಗಳನ್ನೆಲ್ಲ ಹುಡುಕುತ್ತ ಹೋಗುವ ಪ್ರೋಗ್ರಾಮು ಇವೆರಡನ್ನು ಬಿಟ್ಟು ಮುಂದೆ ಸಾಗದಿದ್ದರೆ ಗಾಣದೆತ್ತಿನಂತೆ ಅಲ್ಲೇ ಸುತ್ತತೊಡಗುತ್ತದೆ. ದೋಷ ಉಂಟಾದಾಗಲೂ ರೀಡ್‌ಡಿರ್ ‘ನಲ್’ ಎಂದೇ ಉತ್ತರಿಸುತ್ತದೆ. ಹಾಗಾಗಿ ಕರೆಯುವ ಮುನ್ನ ‘ಎರ್ನೋ’ ಎಂಬ ದೋಷಸೂಚಕವನ್ನು ಸೊನ್ನೆ ಮಾಡಿ, ನಂತರ ಪರೀಕ್ಷಿಸುವುದು ಕ್ರಮ. ಇಲ್ಲವಾದರೆ ಅರ್ಧಕ್ಕೆ ನಿಂತ ಪಟ್ಟಿಯನ್ನೇ ಪೂರ್ಣ ಪಟ್ಟಿಯೆಂದು ನಂಬುವ ಅಪಾಯವಿದೆ.

ಕನ್ನಡಿಗರಿಗೂ ಈ ಬದಲಾವಣೆಯ ನಂಟಿದೆ. 1991ರಲ್ಲಿ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡ ಲಿಪಿ ಸ್ಥಾನ ಪಡೆಯಿತು. ಮರುವರ್ಷ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಯುಟಿಎಫ್-8 ವಿಧಾನದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ‘ಕನ್ನಡ’ ಎಂಬ ಪದ ಕಣ್ಣಿಗೆ ಮೂರೇ ಅಕ್ಷರ. ಗಣಕದ ಲೆಕ್ಕದಲ್ಲಿ ಮಾತ್ರ ಕ, ನ, ಅರ್ಧಾಕ್ಷರದ ಚಿಹ್ನೆ, ಮತ್ತೆ ನ, ಡ ಎಂದು ಐದು ಸಂಕೇತ; ಒಟ್ಟು 15 ಬೈಟ್. ಹಳೆಯ 14ರ ಮಿತಿಯೇ ಉಳಿದಿದ್ದರೆ ನಮ್ಮ ಭಾಷೆಯ ಹೆಸರೇ ಒಂದು ಬೈಟ್‌ನಿಂದ ಹೊರಗುಳಿಯುತ್ತಿತ್ತು! 255ರ ಮಿತಿಯಲ್ಲಿ 85 ಸಂಕೇತಗಳಿಗೆ ಜಾಗವಿದೆ.

ಹೆಸರಿನಲ್ಲಿ ಸೊನ್ನೆ ಬೈಟ್ ಮತ್ತು ಓರೆಗೆರೆ, ಇವೆರಡು ಮಾತ್ರ ಯುನಿಕ್ಸ್‌ನಲ್ಲಿ ಸಾಂಪ್ರದಾಯಿಕವಾಗಿ ನಿಷಿದ್ಧ. ಉಳಿದ ಬೈಟ್‌ಗಳು ಯಾವ ಭಾಷೆಯವೆಂದು ಅದು ವಿಚಾರಿಸುವುದಿಲ್ಲ. ಆದರೆ ಒಂದು ಬೈಟ್ ಎಂದರೆ ಒಂದು ಅಕ್ಷರ ಎಂದು ನಂಬಿ ಪ್ರೋಗ್ರಾಮು ಹೆಸರನ್ನು ನಡುವೆ ಕತ್ತರಿಸಿದರೆ ಕನ್ನಡದ ಅಕ್ಷರ ಒಡೆಯುತ್ತದೆ. ಆ ಹೆಸರಿನಿಂದ ಹುಡುಕಿದರೆ ಕಡತವೂ ಸಿಗದು. ಕಡತ ಡಿಸ್ಕಿನಲ್ಲಿ ಭದ್ರವಾಗಿಯೇ ಇರುತ್ತದೆ, ಕೆಟ್ಟಿರುವುದು ಅದನ್ನು ಕರೆಯುವ ಹೆಸರು ಮಾತ್ರ.