ಹಾಡುವವರ ದನಿ ಎಲ್ಲಿ ಹೋಯಿತು?

ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಒಂದು ಕಲ್ಯಾಣ ಮಂಟಪ. ಆರತಕ್ಷತೆಗೆ ಇನ್ನೂ ಅರ್ಧ ಗಂಟೆಯಿತ್ತು. ಗೆಳೆಯನ ತಂಗಿಯ ಮದುವೆ, ಹಾಡು ಹಾಕುವ ಕೆಲಸ ನನ್ನದು. ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿನಿಂದ ಮಿಕ್ಸರಿಗೆ ಒಂದೇ ವೈರು ಎಳೆದು ಹಾಡು ಹಾಕಿದೆ. ಪಿಟೀಲುಗಳು ಬಂದವು, ಗಿಟಾರು ಬಂತು. ಗಾಯಕಿ ಮಾತ್ರ ಬಾವಿಯ ತಳದಲ್ಲಿ ಕೂತು ಹಾಡಿದ ಹಾಗೆ.

‘ಮ್ಯೂಸಿಕ್ ಬರ್ತಾ ಇದೆ ಅಣ್ಣಾ, ಹಾಡೋರೇ ಇಲ್ಲ’ ಎಂದ ಮೈಕ್ ಸೆಟ್ ಹುಡುಗ. ಬಂದು ಪಿನ್ನನ್ನು ಅರ್ಧ ಹೊರಗೆ ಎಳೆದ. ದನಿ ಬಂತು! ಆ ಸಂಜೆಯೆಲ್ಲ ಪಿನ್ನಿಗೆ ಯಾರೂ ತಗಲದಂತೆ ಕಾದದ್ದೇ ನನ್ನ ಕೆಲಸ.

ಕಾರಣ ತಿಳಿದದ್ದು ಆಮೇಲೆ. ಲ್ಯಾಪ್‌ಟಾಪಿನ ಪಿನ್ನಿನಲ್ಲಿ ಮೂರು ಭಾಗ: ತುದಿಯಲ್ಲಿ ಎಡಗಿವಿಯ ಸದ್ದು, ನಡುವಿನ ಬಳೆಯಲ್ಲಿ ಬಲಗಿವಿಯದು, ಬುಡದಲ್ಲಿ ಅರ್ಥ್. ಮಿಕ್ಸರಿನ ಬ್ಯಾಲೆನ್ಸ್ಡ್ ತೂತು ಇದನ್ನು ಬೇರೆ ಥರ ಓದುತ್ತದೆ. ತುದಿಯ ಸದ್ದಿನಿಂದ ಬಳೆಯ ಸದ್ದನ್ನು ಕಳೆಯುತ್ತದೆ. ಗಾಯಕರ ದನಿಯನ್ನು ಸಾಮಾನ್ಯವಾಗಿ ಎರಡೂ ಕಿವಿಗೆ ಸಮನಾಗಿ ಧ್ವನಿಮುದ್ರಿಸಿರುತ್ತಾರೆ. ಸಮವಾದದ್ದರಿಂದ ಸಮವಾದದ್ದು ಕಳೆದರೆ ಉಳಿಯುವುದೇನು? ಒಂದು ಪಿನ್ನು ಎರಡಾಗಿ ಕವಲೊಡೆಯುವ ವೈರು ತಂದು, ಎಡಬಲಗಳನ್ನು ಎರಡು ಬೇರೆ ಚಾನೆಲ್‌ಗೆ ಕೊಟ್ಟರೆ ಮುಗಿಯಿತು.

ವೈರು ಸರಿಯಾದರೂ ಕಂಪ್ಯೂಟರಿನ ಸೌಂಡ್ ಕಾರ್ಡ್ ಕೊಡುವುದು ಪಿಸುಮಾತು, ಹೆಚ್ಚೆಂದರೆ ಒಂದೆರಡು ವೋಲ್ಟು. ಮೇಜಿನ ಮೇಲಿನ ಪುಟ್ಟ ಸ್ಪೀಕರಿಗೆ ಅಷ್ಟು ಸಾಕು, ಅದರ ಹೊಟ್ಟೆಯಲ್ಲೇ ಆಂಪ್ಲಿಫೈಯರ್ ಇದೆ. ಡೆಸ್ಕ್‌ಟಾಪಿನ ಹಿಂದಿನ ಹಸಿರು ತೂತಿಗೆ ಸಿಕ್ಕಿಸಿ. ಗುಲಾಬಿ ಬಣ್ಣದ್ದು ಮೈಕಿಗೆ. ಮನೆಯ ಹಳೇ ಮರದ ಬಾಕ್ಸುಗಳು 4 ಅಥವಾ 8 ಓಮಿನವು, ಅವಕ್ಕೆ ನಡುವೆ ಆಂಪ್ಲಿಫೈಯರ್ ಬೇಕೇ ಬೇಕು.

ಹಾರನ್ನುಗಳ ಕತೆಯೇ ಬೇರೆ. ಬಂಗಾರಪೇಟೆಯ ಬೀದಿಯಲ್ಲಿ ಗಣೇಶನ ಪೆಂಡಾಲಿನಿಂದ ಸರ್ಕಲ್‌ವರೆಗೆ ಕಂಬಕಂಬಕ್ಕೂ ಕಟ್ಟುವ ಹಾರನ್ನಿಗೆ 100 ವೋಲ್ಟ್ ಲೈನು ಎಳೆಯುತ್ತಾರೆ. 8 ಓಮಿನ ಹಾರನ್ನಿಗೆ 10 ವಾಟ್ ಮುಟ್ಟಿಸಲು ಸುಮಾರು 1.1 ಆಂಪಿಯರ್ ಹರಿಯಬೇಕು. ಅದೇ 10 ವಾಟನ್ನು 100 ವೋಲ್ಟಿನಲ್ಲಿ ಕಳಿಸಿದರೆ 0.1 ಆಂಪಿಯರ್ ಸಾಕು. ಅದೇ ತಂತಿಯಲ್ಲಿ ಬಿಸಿಯಾಗಿ ಪೋಲಾಗುವ ಶಕ್ತಿ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆಯಾಗುತ್ತದೆ. ಪ್ರತಿ ಹಾರನ್ನಿನ ಬೆನ್ನಿಗೂ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಕೂತು ವೋಲ್ಟೇಜನ್ನು ಇಳಿಸಿಕೊಳ್ಳುತ್ತದೆ.

ಈ ಲೆಕ್ಕ ನಮ್ಮ ಕೆಜಿಎಫ್‌ಗೆ ಹೊಸದಲ್ಲ. 1902ರಲ್ಲಿ ಶಿವನಸಮುದ್ರದ ಕರೆಂಟು ಸುಮಾರು 147 ಕಿಲೋಮೀಟರ್ ದಾಟಿ ಚಿನ್ನದ ಗಣಿಗೆ ಬಂದದ್ದು ಇದೇ ಉಪಾಯದಿಂದ: ಅಲ್ಲಿ ವೋಲ್ಟೇಜು ಏರಿಸು, ಇಲ್ಲಿ ಇಳಿಸು. 2001ರಲ್ಲಿ ಗಣಿ ಮುಚ್ಚಿತು. ಹಾರನ್ನು ಕಟ್ಟುವ ಹುಡುಗರ ಕೈಯಲ್ಲಿ ಆ ವಿದ್ಯೆ ಈಗಲೂ ಬದುಕಿದೆ ಎನ್ನುವುದು ನನಗೆ ಹೆಮ್ಮೆಯ ಸಂಗತಿ.

ಕಂಬದ ಹಾರನ್ನುಗಳಿಗೆ ಎಡ–ಬಲ ಎಂಬುದಿಲ್ಲ, ಎರಡನ್ನೂ ಸೇರಿಸಿ ಒಂದು ಮಾಡಬೇಕು. ಬರೀ ಎಡದ್ದನ್ನು ಕೊಟ್ಟರೆ ಬಲದ ವಾದ್ಯಗಳು ಕಾಣೆ. ಎರಡು ವೈರು ಹೊಸೆದು ಕಟ್ಟುವುದೂ ತಪ್ಪು, ಕಾರ್ಡಿನ ಎರಡು ಔಟ್‌ಪುಟ್‌ಗಳು ಒಂದನ್ನೊಂದು ತಳ್ಳಾಡುತ್ತವೆ. ಒಂದೊಂದಕ್ಕೂ 1 ಕಿಲೋ ಓಮಿನ ರೆಸಿಸ್ಟರ್ ಹಾಕಿ ಆಮೇಲೆ ಸೇರಿಸಿದರೆ ಕ್ಷೇಮ.

ಇನ್ನು ಸ್ಪೀಕರಿನಲ್ಲಿ ಕೇಳುವ ಆ ‘ಗುಂಯ್’ ಸದ್ದು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ನಿಂತರೆ ತೊಂದರೆ ಹಾಡಿನದಲ್ಲ, ಅರ್ಥಿನದು. ನಡುವೆ ಐಸೊಲೇಷನ್ ಟ್ರಾನ್ಸ್‌ಫಾರ್ಮರಿನ ಡಬ್ಬಿ ಸೇರಿಸಿದರೆ ಸಾಮಾನ್ಯವಾಗಿ ಅಡಗುತ್ತದೆ.

ಆಂಪ್ಲಿಫೈಯರಿನ 100 ವೋಲ್ಟ್ ತಂತಿಯನ್ನು ತಪ್ಪಿಯೂ ಕಂಪ್ಯೂಟರಿಗೆ ತಾಗಿಸಬೇಡಿ. ಕಾರ್ಡ್ ಸುಡುತ್ತದೆ, ಕೈಗೂ ಶಾಕ್ ಹೊಡೆಯುತ್ತದೆ. ಮುಂದಿನ ಹಬ್ಬಕ್ಕೆ ಹಾಡು ಹಾಕುವ ಹೊಣೆ ನಿಮ್ಮದಾದರೆ, ಮೊದಲು ಸ್ಪೀಕರಿನ ಬೆನ್ನ ಮೇಲಿನ ಚೀಟಿ ಓದಿ. 8 ಓಮ್ ಎಂದಿದೆಯೋ, 100 ವೋಲ್ಟ್ ಎಂದಿದೆಯೋ ನೋಡಿಕೊಂಡು ಆಮೇಲೆ ವೈರು ಮುಟ್ಟಿ.